ಕಿವ್ಯಾಗ ಬಿತ್ತಿದ ಬೀಜ

ನವೆಂಬರ್ ೨, ರವಿವಾರ

ಡೈರಿ ಬರಿಯೂದು ಬಿಟ್ಟು ಭಾಳ ವರ್ಷ ಆಗಿತ್ತು. ಇವತ್ತು ಬರೀಲಿಲ್ಲಂದ್ರ ಎದಿ ಒಡದ ಹೋಗ್ತೇತಿ ಅನ್ನಿಸಿ, ಹಳೇದೊಂದು ಹುಡುಕಿ ತಗದು ಕುಂತೇನಿ.

ಮೊದಲ ಸಿಹಿ ಸುದ್ದಿ. ಬಾದಾಮಿಯ ಸಂಗೀತ ಬಳಗದವರು ಫೋನ್ ಮಾಡಿದ್ರು. ಜನವರಿ ಕಡೀಕ ಅವರ ಬೈಠಕ್ಕಿನ್ಯಾಗ ಒಂದು ತಾಸು ನನ್ನ ಗಾಯನ! ಇಷ್ಟು ವರ್ಷ ಇಳಕಲ್ಲಿನ ಹೈಸ್ಕೂಲಿನ್ಯಾಗ ವಿಜ್ಞಾನ ಕಲಿಸ್ಕೋತ, ವಾರಕ್ಕ ಎರಡ ಸಲ ಬಸ್ ಹತ್ತಿ ಹುನಗುಂದಕ್ಕ ಹೋಗಿ ಸಂಗಯ್ಯ ಗುರುಗಳ ಮುಂದ ಕುಂತದ್ದು ದಂಡ ಆಗಲಿಲ್ಲ. ಯಾವ ಸೀರಿ ಉಡೂದು ಅನ್ನೂದೂ ನಿಕ್ಕಿ ಆತು. ತವರಿನ ಗಿಣಿಹಸರು, ಕೆಂಪು ಸೆರಗಿಂದು.

ಖುಷೀಲೆ ಗುರುಗಳ ಮನಿಗೆ ಹೋದೆ. ಪದ್ಧತಿ ಪ್ರಕಾರ ತಂಬೂರಿ ಕುತ್ತಿಗಿಗೆ ಗದ್ದ ಹಚ್ಚಿ, ಕಣ್ಣ ಮುಚ್ಚಿ, ಆಮ್ಯಾಲ ಸುರು ಮಾಡಿದೆ. ಈ ಗದ್ದ ಹಚ್ಚೂದು ನಮ್ಮ ಗುರುಗಳದೊಂದು ಚಂದದ ರೂಢಿ. ಶ್ರುತಿ ಮಾಡೂ ಮುಂದ ಅವರು ಹಂಗ ತಂಬೂರಿಗೆ ಗದ್ದ ಹಚ್ಚಿ ಕೂಡ್ತಾರ. ನಾವು ಶಿಷ್ಯರೆಲ್ಲಾ ನೋಡಿ ನೋಡಿ ಕಲ್ತೇವಿ. ಯಾರರ ಕೇಳಿದ್ರ 'ಇದು ಹುನಗುಂದದ ನಮಸ್ಕಾರ' ಅಂತೇವಿ.

ಭೀಮಪಲಾಸ ಹಾಡಿದೆ. ಯವ್ವಾ, ದನಿ ಎಂಥಾದ್ದು ಬಂತು! ಓಣಿ ತುದಿಯ ಹಿಟ್ಟಿನ ಗಿರಣಿ ತನಕ ಕೇಳಿಸಿರಬೇಕು. ಗುರುಗಳು "ಭೇಷ್!" ಅಂದ್ರು. ಬಾಗಿಲ ಹಂತೇಕ ಜ್ವಾಳಾ ಹಸನ ಮಾಡ್ಕೋತ ಕುಂತಿದ್ದ ಅವರ ಹೆಂಡ್ತಿ ಬಸಲಿಂಗವ್ವನೂ ತಲಿ ತೂಗಿದ್ರು.

ನಾ ಹೊಂಟು ನಿಂತಾಗ ಗುರುಗಳು ನನ್ನ ಮಾರಿ ನೋಡದ ಅಂದ್ರು, "ಸುನಂದಾ, ಸಂಕ್ರಾಂತಿ ತನಕ ಬಾ. ಆಮ್ಯಾಲ ಪಾಠ ಬಂದ್ ಮಾಡ್ತೇನಿ."

"ಯಾಕ್ರೀ?"

"ಸಾಕಾತವ್ವಾ." ಅಷ್ಟ. ಎದ್ದು ಒಳಗ ಹೋದ್ರು.

ನನ್ನ ಅವ್ವ ತೀರಿಕೊಂಡ ವರ್ಷ ನಾ ಅನ್ನ ಬಿಟ್ಟಿದ್ದೆ. ಅವಾಗ ನನ್ನನ್ನ ಎದುರಿಗೆ ಕುಂದರಿಸ್ಕೊಂಡು ಬರೇ ಷಡ್ಜ ಹಾಡಿಸಿ ಹಾಡಿಸಿ ಮನಷ್ಯಾಳನ್ನ ಮಾಡಿದವರು ಇವರು. ಇವರು ಬಾಗಲಾ ಹಾಕಿದ್ರ ನಾ ಎಲ್ಲಿಗೆ ಹೋಗಬೇಕು?

ನವೆಂಬರ್ ೪, ಮಂಗಳವಾರ

ನಮ್ಮನಿಯವರು ಬಾಗಲಕೋಟಿಗೆ ಹೋಗಿದ್ದವರು ವೈರ್ ಇಲ್ಲದ ಇಯರ್‌ಬಡ್ಸ್ ತಂದಾರ. "ಬಾದಾಮಿ ಕಲಾವಿದರಿಗೆ ಸಂತೋಷಕುಮಾರನ ಕಾಣಿಕಿ" ಅಂತ ಕೈ ಮುಗದು ಕೊಟ್ರು. ಕೆಂಪು ಗ್ರಾನೈಟ್ ಪಾಲಿಶ್ ಮಾಡೂ ಕಾರಖಾನಿ ಮ್ಯಾನೇಜರ್ ಇವರು. ಸಂಗೀತದ ಗಂಧಾ ಗಾಳಿ ಇಲ್ಲ. ನಾ ರಿಯಾಜ್ ಮಾಡೂ ಮುಂದ "ನಮ್ಮ ಕಟಿಂಗ್ ಮಶಿನ್ ಬಂದ್ ಮಾಡಿ ನಿನ್ನ ಕುಂದರಸ್ತೇನಿ, ಕಲ್ಲು ತಾವ ಸೀಳತಾವ" ಅನ್ನೂ ಮನಷ್ಯಾ.

ನನಗ ಈ ಬಡ್ಸ್ ಮ್ಯಾಲ ನಂಬಿಗಿ ಇರಲಿಲ್ಲ. ಶಾಸ್ತ್ರೀಯ ಸಂಗೀತ ಇದರಾಗ ಕೇಳೂದಂದ್ರ ಪೇಪರ್ ಪ್ಲೇಟಿನ್ಯಾಗ ಹೋಳಿಗಿ ಉಂಡಂಗ, ಹೊಟ್ಟಿ ತುಂಬತೇತಿ, ಮನಸ್ಸು ತುಂಬಂಗಿಲ್ಲ ಅಂದಿದ್ದೆ. ಆದ್ರ ಇವತ್ತು ಸಾಲಿಗೆ ಹೋಗೂ ಬಸ್ಸಿನ್ಯಾಗ ಹಾಕಿ ನೋಡಿದೆ. ಗುರುಗಳ ಹಳೇ ಕ್ಯಾಸೆಟ್ಟಿನ ಗಾಯನ ಫೋನಿಗೆ ಇಳಿಸ್ಕೊಂಡಿದ್ದೆ, ಅದನ್ನ ಹಚ್ಚಿದೆ. ಬಸ್ಸಿನ ಗಡಗಡ ಎಲ್ಲಾ ಮಾಯ! ತಂಬೂರಿ ತಂತಿ ಮ್ಯಾಲ ಬಳ್ಳು ಸರಿಯೂದೂ ಕೇಳಿಸ್ತು. ಗುರುಗಳು ಉಸರ ತಗೊಳ್ಳೂದೂ ಕೇಳಿಸ್ತು. ಒಂದು ಮಾತ್ರ ಆಶ್ಚರ್ಯ. ಎಷ್ಟು ಮೆತ್ತಗ ಹಾಡ್ಯಾರ! ಬಾಜೂಕ ಕುಂತವರಿಗೆ ಗುಟ್ಟು ಹೇಳಿದಂಗ. ನಮಗಂತೂ ಯಾವಾಗ್ಲೂ "ಬಿಟ್ಟ ಹಾಡು, ಬಿಟ್ಟ ಹಾಡು" ಅಂತಾರ. ಆವಾಗಿನ ಮೈಕ್ ಛಲೋ ಇರಲಿಲ್ಲೋ ಏನೋ.

ನವೆಂಬರ್ ೫, ಬುಧವಾರ

ಬಡ್ಸ್ ಗುರುಗಳಿಗೆ ತೋರಿಸಿದೆ. ಅಂಗೈ ಮ್ಯಾಲ ಇಟ್ಕೊಂಡು ಹೊಳ್ಳಿಸಿ ಹೊಳ್ಳಿಸಿ ನೋಡಿದ್ರು. "ಏನಿದು, ಶೇಂಗಾ ಬೀಜ ಇದ್ದಂಗೈತಿ. ಕಿವ್ಯಾಗ ಬಿತ್ತಿಕೊಂಡ್ರ ಏನ ಬೆಳೀತೈತಿ?" ಅಂತ ನಕ್ಕು ತಿರಗಿ ಕೊಟ್ರು. ಹಾಕ್ಕೊಳ್ಳಲಿಲ್ಲ. ಪಾಠ ಯಾಕ ಬಂದ್ ಅಂತ ಮತ್ತ ಕೇಳಿದೆ. ತಂಬೂರಿ ತಂತಿ ಬಿಗಿ ಮಾಡ್ಕೋತ ಕುಂತ್ರು.

ಮನಿಗೆ ಬಂದು ಇವರ ಮುಂದ ಅತ್ತೆ. ಇವರು ಸಮಾಧಾನ ಮಾಡೂದು ಬಿಟ್ಟು, "ಸುನಂದಾ, ಹೋದ ತಿಂಗಳ ನಾ ನಿನ್ನ ಕರ್ಯಾಕ ಬಂದಿದ್ನೆಲ್ಲ, ಗುರುಗಳ ಬೆನ್ನ ಹಿಂದ ನಿಂತು ನಮಸ್ಕಾರ್ರಿ ಅಂದೆ. ಹೊಳ್ಳಿ ನೋಡಲಿಲ್ಲ. ಅವರಿಗೆ ಕಿವಿ ಕೇಳಂಗಿಲ್ಲ ಅನ್ನಸ್ತೇತಿ ನನಗ" ಅಂದ್ರು.

ನನ್ನ ನೆತ್ತಿ ಸುಟ್ಟ ಹೋತು. ಕಲ್ಲಿನ ಕಾರಖಾನ್ಯಾಗ ಇದ್ದು ಇದ್ದು ನಿಮ್ಮ ಬುದ್ಧೀನೂ ಕಲ್ಲಾಗೇತಿ ಅಂದೆ. ಗಾಂಧಾರದ ಕೂದಲೆಳಿ ವ್ಯತ್ಯಾಸ ಹಿಡಿಯೂ ಮನಷ್ಯಾಗ ಕಿವುಡ ಅನ್ನೂದೇನು?

ನವೆಂಬರ್ ೭, ಶುಕ್ರವಾರ

ಇವರ ಕೂಡ ಮಾತಿಲ್ಲ. ತಾವ ಚಾ ಮಾಡ್ಕೊಂಡ್ರು. ಸಕ್ರಿ ಹಾಕೂದು ಮರತಿದ್ರು. ನನಗ ಖುಷಿ ಆತು.

ನವೆಂಬರ್ ೧೩, ಗುರುವಾರ

ಎಂಟನೇ ಇಯತ್ತೆಗೆ ಇವತ್ತು ಶಬ್ದದ ಪಾಠ. ಶ್ರುತಿಕವೆ, ಅದ ಟ್ಯೂನಿಂಗ್ ಫೋರ್ಕ್, ಬಡದು ಮುಂದಿನ ಸಾಲಿನ ಹುಡುಗಿ ಗದ್ದಕ್ಕ ಅದರ ಬುಡ ಹಚ್ಚಿದೆ. "ಎರಡೂ ಕಿವಿ ಮುಚ್ಚಿಕೋ. ಕೇಳಸ್ತೇತೇನು?"

"ತಲಿ ತುಂಬ ಕೇಳಸ್ತೇತ್ರಿ ಟೀಚರ್!"

"ಹೌದಲ್ಲ? ಕಿವಿ ಮುಚ್ಚಿದ್ರೂ ಎಲುಬು ದನಿ ಒಯ್ದು ಮುಟ್ಟಸ್ತೇತಿ. ಅದಕ್ಕ ಕಿವಿ ಮಂದ ಆದವರೂ..." ಅಂದವಳು ಅಲ್ಲೇ ನಿಂತೆ.

ಗದ್ದ. ತಂಬೂರಿ ಕುತ್ತಿಗಿ.

ಹುಡುಗ್ರು ನನ್ನ ಮಾರಿ ನೋಡಾಕತ್ತಿದ್ರು. ಪಾಠ ಹ್ಯಾಂಗ ಮುಗಸಿದೆ ಗೊತ್ತಿಲ್ಲ. ವರ್ಷಾ ವರ್ಷಾ ಇದ ಪಾಠ ಮಾಡೇನಿ, ವಾರಾ ವಾರಾ ಅವರು ಗದ್ದ ಹಚ್ಚೂದು ನೋಡೇನಿ. ನೋಡಿದ್ದಷ್ಟ ಅಲ್ಲ, ಭಕ್ತಿ ಅಂತ ತಿಳದು ನಾನೂ ಹಚ್ಚೇನಿ! ನಾವೆಲ್ಲಾ ಸಾಲಾಗಿ ಕುಂತು ನಮಸ್ಕಾರ ಅಂತ ಗದ್ದ ಹಚ್ಚೂದು ನೋಡಿ ಪಾಪ ಆ ಮುದುಕಗ ಏನ ಅನ್ನಿಸಿತ್ತೋ.

ಸಂಜಿಗೆ ಇವರಿಗೆ ಸಕ್ರಿ ಹಾಕಿ ಚಾ ಕೊಟ್ಟೆ. "ನೀವು ಹೇಳಿದ್ದು ಖರೆ" ಅಂದೆ. ಇವರು ಹಿಗ್ಗಲಿಲ್ಲ, ಅಣಕಿಸಲಿಲ್ಲ. "ನಮ್ಮ ಕಾರಖಾನ್ಯಾಗ ವರ್ಷಕ್ಕೊಮ್ಮೆ ಎಲ್ಲಾರ ಕಿವಿ ತಪಾಸ ಮಾಡಸ್ತೇವಿ. ಮೊದಲ ಹೋಗೂದು ಸಣ್ಣ ದನಿ. ದಪ್ಪ ದನಿ ಉಳೀತಾವ. ಅದಕ್ಕ ಮಂದಿಗೆ ಗೊತ್ತ ಆಗಂಗಿಲ್ಲ" ಅಂದ್ರು. ಇಂಥಾ ಗಂಡನ ಕೂಡ ಒಂದು ವಾರ ಮಾತು ಬಿಟ್ಟಿದ್ನೆಲ್ಲ.

ನವೆಂಬರ್ ೧೬, ರವಿವಾರ

ಗುರುಗಳು ಜಳಕಕ್ಕ ಹೋದಾಗ ಅಡಗಿ ಮನ್ಯಾಗ ಬಸಲಿಂಗವ್ವನ್ನ ಹಿಡಿದೆ. "ಅಮ್ಮಾರ, ಗುರುಗಳಿಗೆ ಕೇಳಂಗಿಲ್ಲ ಅಲ್ಲೇನ್ರಿ?"

ರೊಟ್ಟಿ ಬಡಿಯೂ ಕೈ ನಿಂತಿತು. ಮೊದಲ ಬಾಗಲದ ಕಡೆ ನೋಡಿದ್ರು, ಆಮ್ಯಾಲ ನನ್ನ ಕಡೆ. "ಮೂರ್ನಾಕು ವರ್ಷಾತು ತಂಗಿ. ಯಾರ ಮುಂದೂ ಅನಬ್ಯಾಡ. ಕಿವುಡ ಗವಾಯಿ ಅಂದಾರು ಅಂತ ಒಳಗ ಕುದ್ದು ಕುದ್ದು ಸಾಯಾಕತ್ತಾರ."

ಬಾಗಲಕೋಟಿ ಡಾಕ್ಟರ್ ಕಡೆ ಗುಟ್ಟಾಗಿ ಹೋಗಿ ಬಂದಾರಂತ. ಕಿವಿ ಮಶಿನ್ನೂ ತಂದಾರಂತ. ಮಾತು ಛಂದ ಕೇಳಸ್ತಿತ್ತಂತ, ಆದ್ರ ತಂಬೂರಿ ಮೀಟಿದ್ರ ಆ ಉದ್ದನ್ನ ನಾದಾನ ತನ್ನ ಒಳಗಿಂದ ಎದ್ದ ಶಿಳ್ಳಿ ಅಂತ ತಿಳದು ಮಶಿನ್ನು ಅದನ್ನ ಅಡಗಿಸಿ ಬಿಡ್ತಿತ್ತಂತ. ಎರಡ ದಿವಸ ಹಾಕ್ಕೊಂಡು ಕಪಾಟಿನ್ಯಾಗ ಒಗದಾರ.

"ಮತ್ತ ನಾವು ಹಾಡೂದು ಹ್ಯಾಂಗ ಕೇಳ್ತಾರ?"

"ಮಾತಾದ್ರ ತುಟಿ ನೋಡಿ ಹಿಡೀತಾರ. ಹಾಡು ಗುಂಯ್ ಅಂತ ಏನೋ ಕೇಳಸ್ತೇತಂತ. ಉಳಿದದ್ದು ನನ್ನ ತಲಿ ನೋಡ್ತಾರ. ನಾ ತೂಗಿದ್ರ ಭೇಷ್ ಅಂತಾರ."

"ನೀವು ಯಾವಾಗ ತೂಗ್ತೀರಿ?"

"ಯಾವಾಗ್ಲೂ ತೂಗ್ತೇನಿ! ದೂರದಿಂದ ಬರ್ತೀರಿ ಮಕ್ಳು. ಬೈಸಿಕೊಂಡು ಹೋದ್ರ ನಾಳಿ ಬರ್ತೀರೇನು? ಅವರೂ ಮಕ್ಳನ್ನ ಇನ್ನ ಮೋಸ ಮಾಡಲಾರೆ, ಬಂದ್ ಮಾಡಿ ಬಿಡ್ತೇನಿ ಅಂತ ಹಟಾ ಹಿಡದಾರ."

ಮೂರ್ನಾಕು ವರ್ಷದ ಭೇಷ್! ಆದ್ರೂ ನಂದು ಒಂದೀಟು ಖರೇದ ಇರಬೇಕು. ಓಣಿ ತುದೀ ತನಕ ಕೇಳೂ ದನಿ ಸುಳ್ಳೇನು?

ನವೆಂಬರ್ ೨೦, ಗುರುವಾರ

ಫೋನಿನ್ಯಾಗ ಕಿವಿ ತಪಾಸ ಮಾಡೂ ಒಂದು ವ್ಯವಸ್ಥಾ ಐತಿ. ಬಡ್ಸ್ ಹಾಕ್ಕೊಂಡು ಕುಂತ್ರ ಸಣ್ಣ ಸಣ್ಣ ದನಿ ಬರ್ತಾವ, ಕೇಳಿದಾಗೊಮ್ಮೆ ಬಳ್ಳಲೆ ಒತ್ತಬೇಕು. ಯಾವ ದನಿ ಆ ಕಿವಿಗೆ ಮುಟ್ಟಂಗಿಲ್ಲೋ ಅದನ್ನಷ್ಟ ಎತ್ತಿ ಕೊಡ್ತೇತಿ. ಇವರೂ ನಾನೂ ಕುಂತು ಎಲ್ಲಾ ಕಲ್ತೇವಿ. ಇವರ ಎಡಗಿವಿ ಸ್ವಲ್ಪ ಹೋಗೇತಿ ಅಂತ ತೋರಿಸ್ತು. "ಅದು ನಿನ್ನ ಕಡೆ ಮಲಗೂ ಕಿವಿ" ಅಂದ್ರು. ಹೊಡದೆ.

ನವೆಂಬರ್ ೨೩, ರವಿವಾರ

ಎಲ್ಲಾ ಕೆಟ್ಟಿತು.

"ನಿಮ್ಮ ಹಳೇ ಗಾಯನದಾಗ ಒಂದು ಜಾಗಾ ನನಗ ತಿಳಿವಲ್ದು, ಕೇಳಿ ಹೇಳ್ರಿ" ಅಂತ ಸುಳ್ಳ ಹೇಳಿ ಗುರುಗಳ ಕಿವ್ಯಾಗ ಬಡ್ಸ್ ಇಟ್ಟೆ. ದನಿ ಏರಿಸಿದೆ. ಅವರ ಮಾರಿ ಒಂದು ನಮೂನಿ ಆತು, ಹುಬ್ಬು ಕೂಡಿಸಿ ಅಲ್ಲಾಡದ ಕುಂತ್ರು. ನನಗ ಧೈರ್ಯ ಬಂತು. "ಗುರುಗಳ, ಇದರಾಗ ಕಿವಿ ತಪಾಸ ಮಾಡೂದೂ ಐತಿ" ಅಂತ ಅವರ ಮಾರಿ ಮುಂದ ಬಂದು ಗಟ್ಟಿಯಾಗಿ ಅಂದೆ. ಅಂದದ್ದ ತಡ, ಬಡ್ಸ್ ತಗದು ಚಾಪಿ ಮ್ಯಾಲ ಇಟ್ರು.

"ನನ್ನ ಪರೀಕ್ಷಾ ತಗೊಳ್ಳಾಕ ಬಂದೀಯೇನು?"

ದನಿ ಏರಿಸಲಿಲ್ಲ. ಬೈದಿದ್ರ ಛಲೋ ಇತ್ತು. "ಇನ್ನ ಸಂಕ್ರಾಂತಿ ತನಕಾನೂ ಬರಬ್ಯಾಡ" ಅಂದ್ರು.

ಹುನಗುಂದ ಬಸ್ ಸ್ಟ್ಯಾಂಡಿನ್ಯಾಗ ಎಲ್ಲಾರೂ ನೋಡೂ ಹಂಗ ಅತ್ತೆ.

ನವೆಂಬರ್ ೨೬, ಬುಧವಾರ

ಹೋಗಲಿಲ್ಲ. ಮನ್ಯಾಗ ತಂಬೂರಿ ಮುಟ್ಟಲಿಲ್ಲ.

ನವೆಂಬರ್ ೨೮, ಶುಕ್ರವಾರ

ಬಸಲಿಂಗವ್ವನ ಫೋನು! "ತಂಗಿ, ಆ ಶೇಂಗಾ ಬೀಜದ ಡಬ್ಬಿ ತಗೊಂಡು ರವಿವಾರ ಬಾ. ಮೂರು ದಿವಸಾತು, ಉಣ್ಣಾಕ ಕುಂತ್ರೂ ಅದ ಮಾತು. ಅದರಾಗ ನನಗ ದಪ್ಪ ದನಿಯ ಖರಜ ತಂತಿ ಬಿಟ್ಟು ಮ್ಯಾಲಿನ ತಂತೀನೂ ಕೇಳಿತು, ಕೇಳಿತು ಅಂತಾರ. ತಾವ ಫೋನ್ ಮಾಡು ಅನ್ನಾಕ ನಾಚಿಕಿ. ನಾ ಮಾಡೇನಿ ಅಂತ ಹೇಳಬ್ಯಾಡ. ಹಿಂದ ನಿಂತು ಅವರ ಹೇಳಿಕೊಡಾಕತ್ತಾರ."

ನಮ್ಮಪ್ಪಾ ಕೂಡಲಸಂಗಮಾ, ಶರಣು, ಶರಣು.

ನವೆಂಬರ್ ೩೦, ರವಿವಾರ

ಗುರುಗಳು ಹೊಸಾ ದೋತರ ಉಟ್ಟು ಕುಂತಿದ್ರು. ತಪಾಸ ಸುರು ಆದಾಗ ಸಾಲಿ ಹುಡುಗ್ರಂಗ ಎರಡೂ ಕೈ ತೊಡಿ ಮ್ಯಾಲ. ದಪ್ಪ ದನಿಗೆಲ್ಲಾ ಬಳ್ಳು ಒತ್ತಿದ್ರು. ಸಣ್ಣ ದನಿ ಬರ್ತಾ ಬರ್ತಾ ಬಳ್ಳು ಸುಮ್ಮನ ಕುಂತಿತು. ಎಷ್ಟೋ ಹೊತ್ತು ಸುಮ್ಮನ. ಕಣ್ಣು ಮಾತ್ರ ನನ್ನ ಮಾರಿ ಮ್ಯಾಲ, 'ಈಗ ಬರಾಕತ್ತೈತೇನು?' ಅಂತ ಕೇಳಿದಂಗ. ನಾ ಕೆಳಗ ನೋಡಿದೆ.

ಆಮ್ಯಾಲ ಅವರ ಕಿವಿಗೆ ತಕ್ಕಂಗ ಆದ ಮ್ಯಾಲ, ಹಳೇ ಗಾಯನ ಹಚ್ಚಿದೆ. ಮೊದಲ ತಂಬೂರಿ. ಗುರುಗಳ ಬಾಯಿ ತರೀತು. ಒಂದೊಂದ ತಂತಿಗೆ ಒಂದೊಂದ ಬಳ್ಳು ಎತ್ತಿದ್ರು. ನಾಕೂ ಆದ ಮ್ಯಾಲ ಕಣ್ಣಾಗ ನೀರು ಬಂತು, ಒರಸ್ಕೊಳ್ಳಲಿಲ್ಲ. "ಸತ್ತಾವ ಅಂದಿದ್ದೆ ಬಸಲಿಂಗೀ. ಎಲ್ಲಾ ಬದಕ್ಯಾವ" ಅಂದ್ರು. ಕಿವ್ಯಾಗ ಹಾಡು ಇದ್ದದ್ದಕ್ಕ ದನಿ ಓಣಿಗೆಲ್ಲಾ ಕೇಳೂ ಹಂಗ ಬಂತು.

ಬಡ್ಸ್ ತಗದ ಮ್ಯಾಲ ಮಾರಿ ಮುಂದ ಬಂದು ನಾನ ಕೇಳಿದೆ, "ಖರೆ ಹೇಳ್ರಿ, ಇದು ದೊಡ್ಡ ಸಂಗೀತ ಕೇಳೂ ಸಾಮಾನೇನು?"

ಬಡ್ಸ್ ಡಬ್ಬ್ಯಾಗ ಇಟ್ಕೋತ ಅಂದ್ರು, "ಎದುರಿಗೆ ಕುಂತು ಕೇಳೂದು ಬ್ಯಾರೆನ. ಅಲ್ಲಿ ದನಿ ಕಿವಿಗೆ ಬರೂದಕ್ಕಿಂತ ಮೊದಲ ಎದಿಗೆ ಬರ್ತೇತಿ. ಇದರಾಗ ಅಂಗಳ ಇಲ್ಲ, ಗಾಳಿ ಇಲ್ಲ. ಹಸದವಗ ತಾಟು ಯಾವುದಾದ್ರೇನವ್ವಾ? ನಾ ಹಸದಿದ್ದೆ."

ನಾ ಪೇಪರ್ ಪ್ಲೇಟಿನ ಮಾತು ಬಾಯಾಗ ನುಂಗಿದೆ.

ಡಿಸೆಂಬರ್ ೩, ಬುಧವಾರ

ಇವತ್ತು ನಾ ಹಾಡೂದನ್ನ ಕೇಳೂ ದಿವಸ. ಫೋನ್ ನನ್ನ ಮುಂದ ಇಟ್ಟೆ, ಅದು ನನ್ನ ದನಿ ಹಿಡದು ಅವರ ಬಡ್ಸಿಗೆ ಕಳಸ್ತೇತಿ. ರೂಢೀಲೆ ತಂಬೂರಿಗೆ ಗದ್ದ ಹಚ್ಚಿದೆ. ಗುರುಗಳು ಕೇಳಿದ್ರು, "ಅಲ್ಲ, ನನಗ ಕೇಳಂಗಿಲ್ಲ ಅಂತ ನಾ ಹಚ್ಚತಿದ್ದೆ. ನಿಮಗ ಏನ ಆಗಿತ್ತು?"

"ಭಕ್ತಿ ಅಂತ ತಿಳದಿದ್ವಿ" ಅಂದೆ. ಅವರು ನಗಾಕ ಹತ್ತಿದವರು ಕೆಮ್ಮು ಬರೂ ತನಕ ನಕ್ರು. ಬಸಲಿಂಗವ್ವ ನೀರು ತಂದು ಕೊಟ್ರು.

ತೊಡಕು ಒಂದು ಬಂತು. ವೈರ್ ಇಲ್ಲದ್ದಕ್ಕ ದನಿ ಒಂದು ಚಿಟಿಕಿ ತಡಾ ಮುಟ್ಟತೇತಿ. "ನಿನ್ನ ಬಾಯಿ ಹುನಗುಂದದಾಗ ಐತಿ, ದನಿ ಇನ್ನ ಬರೂ ಹಾದ್ಯಾಗ ಗುಡೂರಾಗ ಐತಿ" ಅಂದ್ರು. ತಬಲಾದ ಕೂಡ ಹಾಡಿದ್ರ ಎಲ್ಲಾ ಕಲಸು ಮೇಲೋಗರ. ಆಮ್ಯಾಲ ತಾವ ಹಾದಿ ಹುಡುಕಿದ್ರು. "ಆಲಾಪಕ್ಕ ತಾಳದ ಹಂಗಿಲ್ಲ. ನಾ ಕಣ್ಣ ಮುಚ್ಚತೇನಿ. ನೀ ಬರೇ ಆಲಾಪ ಹಾಡು."

ಭೀಮಪಲಾಸ ಎತ್ತಿದೆ. ನನಗ ಬಂದ ಅಷ್ಟೂ ಶಕ್ತಿ ಹಾಕಿ ಹಾಡಿದೆ. ಇಷ್ಟು ದಿನಾ ಅವರು ಕೇಳದ ಹೋದದ್ದನ್ನೆಲ್ಲಾ ಒಂದ ಸಲಕ್ಕ ಕೇಳಿಸಿ ಬಿಡಬೇಕು ಅಂತ.

"ನಿಲ್ಸು."

ನಿಲ್ಲಿಸಿದೆ.

"ರಾಗ ಹಾಡಾಕತ್ತೀಯೋ, ಹೊಲದಾಗ ಹಕ್ಕಿ ಹೊಡ್ಯಾಕತ್ತೀಯೋ? ಗಾಂಧಾರ ಏರಿ ಕುಂತೈತಿ. ದನಿ ಗಂಟಲದಾಗಿಂದ ನೂಕಾಕತ್ತಿ. ಎಷ್ಟ ದಿವಸಾತು ಹಿಂಗ ಹಾಡಾಕ ಹತ್ತಿ?"

"ನೀವ ಭೇಷ್ ಅಂತಿದ್ರಿ..."

ಗುರುಗಳು ಬಾಗಲದ ಕಡೆ ನೋಡಿದ್ರು. ಬಸಲಿಂಗವ್ವ ಜ್ವಾಳದ ಮರಾ ಎತ್ತಿಕೊಂಡು ಒಳಗ ನಡದ ಬಿಟ್ರು.

ಆಮ್ಯಾಲ ಗುರುಗಳು ಮೆತ್ತಗ ಅಂದ್ರು, "ತಪ್ಪು ನಂದವ್ವಾ. ನನಗ ಕೇಳಲಿ ಅಂತ ಬಿಟ್ಟ ಹಾಡು, ಬಿಟ್ಟ ಹಾಡು ಅಂದು ನಿನ್ನ ದನಿ ನಾನ ಕೆಡಿಸೇನಿ. ಷಡ್ಜದಿಂದ ಮತ್ತ ಸುರು ಮಾಡೋಣು. ಮೆತ್ತಗ. ಬಾಜೂಕ ಕುಂತವರಿಗೆ ಹೇಳಿದಂಗ."

ಕತ್ತಲಾಗೂ ತನಕ ಬರೇ ಷಡ್ಜ. ಒಮ್ಮೆನೂ ಹೌದು ಅನ್ನಲಿಲ್ಲ. "ಇಲ್ಲ. ಮತ್ತ. ಇಲ್ಲ. ಮತ್ತ." ಬಸ್ಸಿನ್ಯಾಗ ಕುಂತಾಗ ಕಣ್ಣೀರು ಸುರೀತು, ಆದ್ರ ಎದಿ ಮಾತ್ರ ಹಬ್ಬದ ಮನಿ ಆಗಿತ್ತು. ನನ್ನ ತಪ್ಪು ಕೇಳೂವರು ಒಬ್ಬರು ಸಿಕ್ಕರು! ಈ ಬಡ್ಸ್ ಮಾಡಿದವರು ಎಲ್ಲೇ ಇರಲಿ, ಅವರ ಹೊಟ್ಟಿ ತಣ್ಣಗಿರಲಿ. ತಂದು ಕೊಟ್ಟ ನಮ್ಮನಿಯವರದಂತೂ ಇನ್ನ ತಣ್ಣಗಿರಲಿ.

ಡಿಸೆಂಬರ್ ೯, ಮಂಗಳವಾರ

ಬಾದಾಮಿಯವರು ಫೋನ್ ಮಾಡಿದ್ರು. ಈ ಜನವರಿಗೆ ಬ್ಯಾಡ್ರಿ, ಅದರ ಮುಂದಿನ ವರ್ಷ ನೋಡೋಣ್ರಿ ಅಂದೆ. ಬದನಿಕಾಯಿ ಭಾಳ ತುಟ್ಟಿ ಆಗ್ಯಾವ. ನಾಳಿ ಹುನಗುಂದಕ್ಕ ಒಂದು ಶಾಲು ಒಯ್ಯಬೇಕು, ಪಾಠದ ಖೋಲಿ ಥಂಡಿ ಐತಿ.

ಡಿಸೆಂಬರ್ ೨೧, ರವಿವಾರ

ಷಡ್ಜ ಆತು, ರಿಷಭಕ್ಕ ಬಂದೇವಿ. ತಾಳಕ್ಕ ಬಡ್ಸ್ ನಡಿಯಂಗಿಲ್ಲ, ಅವಾಗ ತಗದು ಇಟ್ಟು ಗುರುಗಳು ತಬಲಾ ಬಾರಿಸೂ ಶಿಷ್ಯನ ಬಾಜೂಕ, ತಬಲಾದ ಮೈ ಮ್ಯಾಲ ಅಂಗೈ ಇಟ್ಕೊಂಡು ಕೂಡ್ತಾರ. ಮನ್ಯಾಗ ನಾ ರಿಯಾಜ್ ಮಾಡಾಕತ್ತಿದ್ದೆ, ಇವರು ಬಾಜೂ ಖೋಲಿಯಿಂದ ಎದ್ದು ಬಂದು "ಆರಾಮ ಇದ್ದೀಯಲ್ಲ? ದನೀನ ಇಲ್ಲಲ್ಲ?" ಅಂತ ಹಣಿ ಮುಟ್ಟಿ ನೋಡಿದ್ರು.

ಜನವರಿ ೧೪, ಬುಧವಾರ

ಸಂಕ್ರಾಂತಿ. ಸಾಲಿ ಸೂಟಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಟಿಗೊಂಡು ಮುಂಜಾನೆನ ಗುರುಗಳ ಮನಿಗೆ ಹೋದೆ.

ಇವತ್ತು ಕೋಮಲ ಗಾಂಧಾರ. ಎಷ್ಟು ಸಲ ಹಾಡಿದೆನೋ. ಒಂದು ಸಲ ಹತ್ರಕ್ಕ ಹೋಗಿರಬೇಕು, ಗುರುಗಳು ಮುಂದಕ್ಕ ಬಾಗಿ, ಉಸರ ಹಿಡದು, ಒಂದು ಬಳ್ಳು ಎತ್ತಿದ್ರು. ಅಷ್ಟರಾಗ ಬಡ್ಸ್ ಟುಂಯ್ ಅಂದು ಬಂದ್ ಆದ್ವು. ಚಾರ್ಜ್ ಮುಗದಿತ್ತು.

"ಏ ಏ ಏ! ಎಲ್ಲಿ ಹೋತು? ಈಗ ಬಂದಿತ್ತಲ್ಲ!"

ಅಡಗಿ ಮನಿ ಪ್ಲಗ್ಗಿಗೆ ಹಚ್ಚಿ ಬಂದೆ. ಗುರುಗಳು ಕುಂತಲ್ಲೆ ಕೂಡವಲ್ರು. ಪಾಠದ ಖೋಲಿಯಿಂದ ಅಡಗಿ ಮನಿಗೆ, ಅಡಗಿ ಮನಿಯಿಂದ ಪಾಠದ ಖೋಲಿಗೆ. ಊಟದ ಹೊತ್ತಾತು, ಉಣ್ಣವಲ್ರು. ನನ್ನ ಬಸ್ಸಿನ ಹೊತ್ತಾತು, ಬಿಡವಲ್ರು. "ಹ್ಯಾಂಗ ಹೋಗ್ತಿ? ಗಾಂಧಾರ ಹೊಸ್ತಲಾ ದಾಟಿ ಒಳಗ ಬರಾಕತ್ತೈತಿ" ಅಂದ್ರು.

ಬಸಲಿಂಗವ್ವ ರೊಟ್ಟಿ ತಾಟು ಹಿಡದು ಅವರ ಮುಂದ ಬಂದು ನಿಂತ್ರು. ನನಗೂ ಕೇಳೂ ಹಂಗ, ಬಾಯಿ ದೊಡ್ಡದು ಮಾಡಿ, "ಅಲ್ರೀ, ಸಂಕ್ರಾಂತಿಗೆ ಪಾಠ ಬಂದ್ ಅಂದವರು ಯಾರು?" ಅಂತ ಕೇಳಿದ್ರು.

ಗುರುಗಳು ಹೆಂಡ್ತಿ ಮಾರಿ ನೋಡಿದ್ರು, ನನ್ನ ಮಾರಿ ನೋಡಿದ್ರು. ಎರಡೂ ಕೈ ಎತ್ತಿ ಕಿವಿ ತೋರಿಸಿ, ಓಣಿಗೆಲ್ಲಾ ಕೇಳೂ ಹಂಗ ಅಂದ್ರು, "ಏನಂದಿ? ನಾ ಕಿವುಡ ಅದೇನಿ, ನನಗ ಕೇಳಂಗಿಲ್ಲ!"

ಬಸಲಿಂಗವ್ವ ತಾಟು ಅಲ್ಲೇ ಇಟ್ಟು ಸೆರಗಿನ್ಯಾಗ ಮಾರಿ ಮುಚ್ಚಿಕೊಂಡು ನಕ್ರು. ನಾನೂ ನಕ್ಕೆ. ಗುರುಗಳು ಮತ್ತ ಅಡಗಿ ಮನಿಗೆ ಹೋದ್ರು, ಚಾರ್ಜ್ ಎಷ್ಟ ಆತು ನೋಡಾಕ.